ಮರಳಿಗೆ ದಾರಿ ಬಿಡುವ ನಿಲ್ದಾಣ

ನಾಲ್ಕು ವರ್ಷಗಳ ಹಿಂದಿನ ಮಳೆಗಾಲದಲ್ಲಿ, ಬಸವನಗುಡಿಯ ನಮ್ಮ ಪುಟ್ಟ ಕಚೇರಿಯಲ್ಲಿ ಕುಳಿತು ನಾನು ಥಾರ್ ಮರುಭೂಮಿಗೆ ಒಂದು ರೈಲು ನಿಲ್ದಾಣದ ನಕ್ಷೆ ಬರೆದಿದ್ದೆ. ಯಾರೂ ಕಟ್ಟಲು ಕೇಳಿದ್ದಲ್ಲ. ಕೆಲಸ ಕಡಿಮೆಯಿದ್ದ ತಿಂಗಳುಗಳಲ್ಲಿ ಕೈ ಪಳಗಿಸಿಕೊಳ್ಳಲೆಂದು ನಾವೇ ಹಾಕಿಕೊಳ್ಳುತ್ತಿದ್ದ ಅಭ್ಯಾಸಗಳಲ್ಲಿ ಅದೂ ಒಂದು. ಮೂರು ಮರಳುದಿಬ್ಬಗಳು ಒಂದರ ಬೆನ್ನಿಗೊಂದು ಒರಗಿದಂತೆ ಕಾಣುವ ಬಾಗಿದ ಚಾವಣಿ, ಅವುಗಳ ನಡುವಿನ ತಗ್ಗಿನಲ್ಲಿ ತೆರೆದ ಅಂಗಳ, ಎಲ್ಲಕ್ಕೂ ಮರಳಿನದೇ ಬಣ್ಣ. ಕಂಪ್ಯೂಟರಿನ ಪರದೆಯ ಮೇಲೆ ಸಂಜೆಯ ಬೆಳಕು ಹಾಕಿ ನೋಡಿದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವಷ್ಟು ಚೆನ್ನಾಗಿ ಕಂಡಿತ್ತು. ನಮ್ಮ ಕಚೇರಿಗೆ ವಾರಕ್ಕೆರಡು ಬಾರಿ ಬಂದು ಹೋಗುವ, ನಾವೆಲ್ಲ ರಾಯರು ಎಂದೇ ಕರೆಯುವ ನಿವೃತ್ತ ಎಂಜಿನಿಯರರೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ಚೆನ್ನಾಗಿದೆಯಪ್ಪ, ಆದರೆ ಈ ಗುಳಿಯೊಳಗೆ ಬಂದು ಬೀಳೋ ಮರಳನ್ನ ದಿನಾ ಗುಡಿಸೋರು ಯಾರು?" ಎಂದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ದಿಬ್ಬದ ಆಕಾರವನ್ನು ನಾನು ಎರವಲು ಪಡೆದಿದ್ದೆನೇ ಹೊರತು, ಆ ದಿಬ್ಬವನ್ನು ಕಟ್ಟುವ ಗಾಳಿಯ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ. ಮರುಭೂಮಿಗೆ ಹೊಂದುವ ರೈಲು ನಿಲ್ದಾಣವೆಂದರೆ ಮರುಭೂಮಿಯಂತೆ ಕಾಣುವ ನಿಲ್ದಾಣ ಎಂದು ನಾನು ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ಅರ್ಥವಾಗಲು ಅಲ್ಲಿಗೆ ಹೋಗಿ ಬರಬೇಕಾಯಿತು, ಸಾಕಷ್ಟು ಓದಬೇಕಾಯಿತು, ಆ ನಕ್ಷೆಯನ್ನು ಮೂರು ಬಾರಿ ಹರಿದು ಹಾಕಬೇಕಾಯಿತು.

ಮರಳಿನ ಮಾತಿನಿಂದಲೇ ತೊಡಗುತ್ತೇನೆ, ಏಕೆಂದರೆ ಮಿಕ್ಕೆಲ್ಲವೂ ಅದರ ಹಿಂದೆ ಬರುತ್ತದೆ. ಧೂಳಿನ ಬಿರುಗಾಳಿಯ ಚಿತ್ರಗಳನ್ನು ನೋಡಿದ ನಮಗೆ ಮರಳು ಆಕಾಶದಿಂದ ಸುರಿಯುತ್ತದೆ ಎನಿಸುತ್ತದೆ. ವಾಸ್ತವದಲ್ಲಿ ಎತ್ತರಕ್ಕೇರುವುದು ನಯವಾದ ಧೂಳು ಮಾತ್ರ, ಮರಳಿನ ಕಣಗಳು ನೆಲಕ್ಕೆ ಬಡಿದು ಪುಟಿಯುತ್ತ, ಬಹುಪಾಲು ಮೊಳಕಾಲಿನ ಮಟ್ಟಕ್ಕಿಂತ ಕೆಳಗೇ ಸಾಗುತ್ತವೆ. 1930ರ ದಶಕದಲ್ಲಿ ಲಿಬಿಯಾದ ಮರುಭೂಮಿಯಲ್ಲಿ ಅಲೆದಾಡಿ, ಆಮೇಲೆ ಪ್ರಯೋಗಾಲಯದ ಗಾಳಿಸುರಂಗದಲ್ಲಿ ಅದನ್ನೇ ಅಳೆದು ನೋಡಿದ ಬ್ರಿಟಿಷ್ ಸೈನ್ಯದ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ತೋರಿಸಿಕೊಟ್ಟಂತೆ, ಗಾಳಿ ಹೊರಬಲ್ಲ ಮರಳಿನ ಪ್ರಮಾಣವು ಹೆಚ್ಚುಕಡಿಮೆ ಗಾಳಿಯ ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ಅಂದರೆ ಬಿರುಸಾಗಿ ಬೀಸುತ್ತಿರುವ ಗಾಳಿಯ ವೇಗ ಎರಡು ಪಟ್ಟಾದರೆ ಅದು ಹೊರುವ ಮರಳು ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕಿಳಿದರೆ ಎಂಟರಲ್ಲಿ ಏಳು ಪಾಲು ಹೊರೆಯನ್ನು ಗಾಳಿ ಅಲ್ಲೇ ಇಳಿಸಿಬಿಡುತ್ತದೆ. ಗಾಳಿಗೆ ಅಡ್ಡ ನಿಲ್ಲುವ ಗೋಡೆ, ಗೋಡೆಯ ಮರೆಯ ಮೂಲೆ, ಎರಡು ಉಬ್ಬುಗಳ ನಡುವಿನ ತಗ್ಗು, ಎಲ್ಲವೂ ಗಾಳಿಯ ವೇಗವನ್ನು ತಗ್ಗಿಸುವ ಜಾಗಗಳೇ. ನಾನು ಬರೆದಿದ್ದ ಆ ಸುಂದರ ಅಂಗಳ ಮರಳು ಹಿಡಿಯುವ ಬೋಗುಣಿಯಾಗಿತ್ತು.

ಇನ್ನೂ ತಮಾಷೆಯ ಸಂಗತಿ ಬೇರೆಯಿದೆ. ರೈಲು ನಿಲ್ದಾಣವೆಂಬ ಕಟ್ಟಡದ ಮೂಲರೂಪವೇ ಮರಳಿಗೆ ಒಡ್ಡಿದ ಬೋನು. ನಮ್ಮ ಎತ್ತರದ ಪ್ಲಾಟ್‌ಫಾರ್ಮುಗಳು ಹಳಿಯ ಮಟ್ಟದಿಂದ ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು ಮೇಲಿರುತ್ತವೆ. ಎರಡು ಪ್ಲಾಟ್‌ಫಾರ್ಮುಗಳ ನಡುವೆ ಹಳಿಗಳು ಹಾಯ್ದು ಹೋಗುವ ಭಾಗ ಅರ್ಧ ಕಿಲೋಮೀಟರಿಗೂ ಉದ್ದದ ಒಂದು ಕಾಲುವೆ. ಅಡ್ಡಗಾಳಿಯಲ್ಲಿ ಪುಟಿಯುತ್ತ ಬಂದ ಮರಳಿಗೆ ಬೀಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಳಿಯ ಕೆಳಗಿನ ಜಲ್ಲಿ ಗಟ್ಟಿಯಾಗಿರಬೇಕು, ಜೊತೆಗೆ ಕಲ್ಲುಗಳ ನಡುವಿನ ಸಂದುಗಳಿಂದಾಗಿ ಸ್ವಲ್ಪ ಬಾಗಿ ಮತ್ತೆ ಏಳುವ ಗುಣವೂ ಅದಕ್ಕಿರಬೇಕು. ಆ ಸಂದುಗಳಲ್ಲಿ ಮರಳು ತುಂಬಿದರೆ ಜಲ್ಲಿ ಬಿರುಸಾಗಿ, ರೈಲಿನ ಪೆಟ್ಟೆಲ್ಲ ನೇರವಾಗಿ ಹಳಿಗೂ ಅದರಡಿಯ ಅಡ್ಡಪಟ್ಟಿಗಳಾದ ಸ್ಲೀಪರುಗಳಿಗೂ ತಾಗುತ್ತದೆ, ಮಳೆ ಬಂದಾಗ ನೀರು ಇಳಿಯುವುದೂ ನಿಲ್ಲುತ್ತದೆ.

ಹಾಗಾದರೆ ಜಗತ್ತು ಏನು ಮಾಡಿದೆ? ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಉದಾಹರಣೆಯಲ್ಲಿ ಕಟ್ಟಡವೇ ಇಲ್ಲ. ಚೀನಾದಲ್ಲಿ ಬಾವೊಟೊವಿನಿಂದ ಲಾಂಝೌಗೆ ಹೋಗುವ ರೈಲುಮಾರ್ಗ 1958ರಲ್ಲಿ ಆರಂಭವಾದಾಗ, ಶಾಪೊಟೊ ಎಂಬಲ್ಲಿ ಅದು ಟೆಂಗರ್ ಮರುಭೂಮಿಯ ಚಲಿಸುವ ದಿಬ್ಬಗಳ ನಡುವೆಯೇ ಹಾದುಹೋಗಬೇಕಿತ್ತು. ಅಲ್ಲಿನವರು ಗೋಧಿಯ ಹುಲ್ಲನ್ನು ಸಲಿಕೆಯಿಂದ ಮರಳಿನೊಳಕ್ಕೆ ತುಳಿದು ನಿಲ್ಲಿಸಿ, ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲದ ಚೌಕಗಳನ್ನು ಹಳಿಯ ಇಕ್ಕೆಲಗಳಲ್ಲೂ ಚದುರಂಗದ ಹಾಸಿನಂತೆ ಹೂಡಿದರು. ಗೇಣುದ್ದ ಮಾತ್ರ ಮೇಲೆ ಕಾಣುವ ಆ ಹುಲ್ಲು ನೆಲಮಟ್ಟದ ಗಾಳಿಯನ್ನು ಮುರಿಯುತ್ತದೆ, ಮರಳು ಕೂರುತ್ತದೆ, ಕೆಲವು ವರ್ಷಗಳಲ್ಲಿ ಹುಲ್ಲು ಕೊಳೆಯುವ ಹೊತ್ತಿಗೆ ಮರಳಿನ ಮೇಲೆ ಪಾಚಿಯ ತೆಳು ಹೊದಿಕೆ ಹುಟ್ಟಿ ಕುರುಚಲು ಗಿಡಗಳು ಬೇರೂರಿರುತ್ತವೆ. ನಮ್ಮಲ್ಲೂ ಜೋಧಪುರದ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆ, ಅಂದರೆ ಕಾಜ್ರಿ, ಥಾರ್‌ನ ದಿಬ್ಬಗಳಿಗೆ ಇದೇ ಬಗೆಯ ಚೌಕಗಳನ್ನು ಖೀಂಪ್, ಸಿಣಿಯಾ ಮುಂತಾದ ಸ್ಥಳೀಯ ಪೊದೆಗಳಿಂದ ಮಾಡುವ ವಿಧಾನವನ್ನು ರೂಪಿಸಿದೆ. ನೋಡಲು ಇದು ಕಸೂತಿಯ ಹಾಗಿರುತ್ತದೆ. ರೈಲ್ವೆ ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಇದಕ್ಕೆ ಜಾಗ ಸಿಗುವುದು ಅಪರೂಪ. ನನ್ನ ಮಟ್ಟಿಗೆ ಮರುಭೂಮಿಯ ರೈಲುಮಾರ್ಗದ ಅತಿ ದೊಡ್ಡ ಕಟ್ಟಡ ಇದೇ, ನಿಲ್ದಾಣ ಅದರ ಒಂದು ಕೋಣೆ.

ಎರಡನೆಯ ದಾರಿ ಮರಳನ್ನು ತಡೆಯದೆ ಹೋಗಲು ಬಿಡುವುದು. 2022ರಲ್ಲಿ ಶುರುವಾದ, ಚೀನಾದ್ದೇ ಆದ ತಕ್ಲಾಮಕಾನ್ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ 825 ಕಿಲೋಮೀಟರ್ ಸಾಗುವ ಹೊಟಾನ್–ರುವೊಚಿಯಾಂಗ್ ಮಾರ್ಗದಲ್ಲಿ, ಮರಳಿನ ಕಾಟ ಹೆಚ್ಚಿರುವ ಕಡೆ ಹಳಿಗಳನ್ನು ಸೇತುವೆಗಳ ಮೇಲೆ ಎತ್ತಿದ್ದಾರೆ. ಗಾಳಿ ಮರಳನ್ನು ಹೊತ್ತು ಕಂಬಗಳ ನಡುವೆ ದಾಟಿ ಹೋಗುತ್ತದೆ. ಮೂರನೆಯ ದಾರಿ ಹಠದ್ದು. ನಮೀಬಿಯಾದಲ್ಲಿ ಔಸ್‌ನಿಂದ ಸಮುದ್ರತೀರದ ಲೂಡರಿಟ್ಜ್‌ಗೆ ಹೋಗುವ ಮಾರ್ಗವು ನಡೆಯುವ ದಿಬ್ಬಗಳನ್ನು ಅಡ್ಡ ಹಾಯ್ದು ಹೋಗುತ್ತದೆ. ಅಲ್ಲಿ ಹಳಿಯ ಮೇಲೆ ಬಂದು ಕೂತ ದಿಬ್ಬವನ್ನು ತೆಗೆಯುವುದು ಶತಮಾನದಿಂದ ಮುಗಿಯದ ಕೆಲಸ.

ರಾಯರ ಪ್ರಶ್ನೆಯ ಮುಂದಿನ ಚಳಿಗಾಲದಲ್ಲಿ ಬೆಂಗಳೂರಿನಿಂದ ಜೋಧಪುರದ ರೈಲು ಹತ್ತಿದೆ. ಹುಬ್ಬಳ್ಳಿ, ಪುಣೆ ದಾಟಿ ಎರಡು ರಾತ್ರಿ ಕಳೆದು ಇಳಿಯುವ ಹೊತ್ತಿಗೆ ಕಿಟಕಿಯ ಹೊರಗಿನ ಮಣ್ಣು ಕೆಂಪಿನಿಂದ ಕಪ್ಪಿಗೆ, ಕಪ್ಪಿನಿಂದ ಬೂದಿಗೆ, ಕೊನೆಗೆ ತೆಳು ಹಳದಿಗೆ ತಿರುಗಿತ್ತು. ಅಲ್ಲಿಂದ ಜೈಸಲ್ಮೇರಿಗೆ ಹೋಗುವ ಮಾರ್ಗದಲ್ಲಿ ಓಸಿಯಾನ್, ಫಲೋಡಿ, ರಾಮ್‌ದೇವ್‌ರಾ, ಪೋಖ್ರಾನ್ ಸಿಗುತ್ತವೆ. ಫಲೋಡಿ ಎಂದರೆ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾದ ಊರು. ನಾನು ಹೋದ ಜನವರಿಯ ಮುಂಜಾವಿನಲ್ಲಿ ಅದೇ ಪ್ಲಾಟ್‌ಫಾರ್ಮಿನ ಮೇಲೆ ಜನ ಕಂಬಳಿ ಹೊದ್ದು, ಎಳೆಬಿಸಿಲು ಬೀಳುತ್ತಿದ್ದ ಒಂದೇ ಒಂದು ಪಟ್ಟಿಯಲ್ಲಿ ಸಾಲಾಗಿ ಕುಳಿತಿದ್ದರು. ನೆರಳೊಂದನ್ನೇ ಧ್ಯಾನಿಸುತ್ತ ಬಂದಿದ್ದ ನನಗೆ ಆ ಸಾಲು ದೊಡ್ಡ ಪಾಠವಾಯಿತು. ಮರುಭೂಮಿಯ ಚಾವಣಿ ಜೂನ್ ತಿಂಗಳಲ್ಲಿ ಬಿಸಿಲನ್ನು ಪೂರ್ತಿ ತಡೆಯಬೇಕು, ಜನವರಿಯಲ್ಲಿ ಅದನ್ನು ಒಳಗೆ ಬಿಡಬೇಕು.

ಇಲ್ಲಿ ಬೆಂಗಳೂರಿನ ಕೈಗೆ ಅಂಟಿದ ಅಭ್ಯಾಸಗಳು ತೊಡಕಾಗುತ್ತವೆ. ಹದಿಮೂರನೆಯ ಅಕ್ಷಾಂಶದಲ್ಲಿರುವ ನಮ್ಮೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕಿರುತ್ತಾನೆ. ಆದ್ದರಿಂದ ಉತ್ತರದ ಕಿಟಕಿಗೂ ನಾವು ಸಜ್ಜಾ ಹಾಕುತ್ತೇವೆ. ಸುಮಾರು 27ನೇ ಅಕ್ಷಾಂಶದಲ್ಲಿರುವ ಜೈಸಲ್ಮೇರಿನಲ್ಲಿ ನಡುಹಗಲಿನ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ಜೂನ್ ಕೊನೆಯ ವಾರದಲ್ಲಿ 86 ಡಿಗ್ರಿಯಷ್ಟು ಏರಿ, ಡಿಸೆಂಬರಿನಲ್ಲಿ 40 ಡಿಗ್ರಿಗೆ ಇಳಿಯುತ್ತಾನೆ. ಈ ಎರಡು ಕೋನಗಳ ನಡುವಿನ ಅಂತರವೇ ವಾಸ್ತುಶಿಲ್ಪಿಗೆ ಸಿಕ್ಕ ಅವಕಾಶ. ದಕ್ಷಿಣಕ್ಕೆ ಸರಿಯಾಗಿ ಲೆಕ್ಕಹಾಕಿ ಚಾಚಿದ ಮಾಡು ಬೇಸಿಗೆಯ ನಡುಹಗಲನ್ನು ಹೊರಗಿಟ್ಟು ಚಳಿಗಾಲದ ಬಿಸಿಲನ್ನು ಬೆಂಚಿನವರೆಗೂ ತರಬಲ್ಲದು. ಆದರೆ ಮನೆ ಕಟ್ಟುವವನಿಗಿರುವ ಸ್ವಾತಂತ್ರ್ಯ ನಿಲ್ದಾಣ ಕಟ್ಟುವವನಿಗಿಲ್ಲ. ಪ್ಲಾಟ್‌ಫಾರ್ಮು ಯಾವ ದಿಕ್ಕಿಗೆ ಮುಖ ಮಾಡಬೇಕೆಂಬುದನ್ನು ಹಳಿ ಆಗಲೇ ತೀರ್ಮಾನಿಸಿರುತ್ತದೆ. ನಮಗೆ ಉಳಿಯುವುದು ಚಾವಣಿಯ ಅಂಚು, ಗೋಡೆಯ ಜಾಗ, ಜಾಲಂಧ್ರದ, ಅಂದರೆ ಜಾಲರಿ ಕಿಟಕಿಯ, ಕಂಡಿಯ ಗಾತ್ರ, ಇಷ್ಟೇ.

ಶಾಖದ ವಿಷಯದಲ್ಲಿ ಒಂದು ತಪ್ಪನ್ನು ದೇಶದ ಉದ್ದಕ್ಕೂ ಮಾಡುತ್ತಲೇ ಇದ್ದೇವೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಪ್ಲಾಟ್‌ಫಾರ್ಮಿನ ಮೇಲೆ ಒಂಟಿ ತಗಡಿನ ಚಾವಣಿ ಹಾಕಿ ನೆರಳು ಕೊಟ್ಟೆವೆಂದು ಕೈತೊಳೆದುಕೊಳ್ಳುತ್ತೇವೆ. ಬಿಸಿಲಿಗೆ ಕಾದ ತಗಡು ತಾನೇ ಒಂದು ಒಲೆಯಂತಾಗಿ ಕೆಳಗೆ ನಿಂತವರ ನೆತ್ತಿಗೆ ಶಾಖ ಕಾರುತ್ತದೆ. ಥರ್ಮಾಮೀಟರು ಗಾಳಿಯ ಉಷ್ಣತೆಯನ್ನಷ್ಟೇ ಹೇಳುತ್ತದೆ, ನಿಂತವನ ಮೈ ಬೇರೆಯದನ್ನೇ ಹೇಳುತ್ತದೆ. ಎರಡು ಪದರದ ಚಾವಣಿ ಮಾಡಿ ನಡುವೆ ಗಾಳಿಯಾಡಲು ಬಿಟ್ಟರೆ ಮೇಲಿನ ಪದರ ಬಿಸಿಲು ತಿಂದು ಕೆಳಗಿನದನ್ನು ಕಾಪಾಡುತ್ತದೆ. ಕಾಯುವ ಕೊಠಡಿಗಾದರೆ ದಪ್ಪ ಕಲ್ಲಿನ ಗೋಡೆಯೇ ಸರಿ: ಅರ್ಧ ಮೀಟರ್ ದಪ್ಪದ ಗೋಡೆಯನ್ನು ದಾಟಿ ಹಗಲಿನ ಶಾಖ ಒಳಮೈಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಮೋಡವಿಲ್ಲದ ಆ ಆಕಾಶಕ್ಕೆ ಚಾವಣಿ ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತಿರುತ್ತದೆ.

ಆಟೊಮನ್ ದೊರೆ ಎರಡನೆಯ ಅಬ್ದುಲ್ ಹಮೀದನ ಆಳ್ವಿಕೆಯಲ್ಲಿ 1900ರಿಂದ 1908ರವರೆಗೆ ಡಮಾಸ್ಕಸ್‌ನಿಂದ ಮದೀನಾಕ್ಕೆ ಕಟ್ಟಿದ, ಸುಮಾರು 1,300 ಕಿಲೋಮೀಟರ್ ಉದ್ದದ ಹಿಜಾಜ್ ರೈಲುಮಾರ್ಗದ ನಿಲ್ದಾಣಗಳ ಚಿತ್ರಗಳನ್ನು ನೋಡಿದರೆ ಇದು ಹಳೆಯ ತಿಳಿವಳಿಕೆಯೆಂದು ಗೊತ್ತಾಗುತ್ತದೆ. ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ, ಪಕ್ಕದಲ್ಲಿ ಉಗಿಯಂತ್ರಕ್ಕೆ ನೀರುಣಿಸುವ ತೊಟ್ಟಿ, ಅಷ್ಟೇ. ಕಿಟಕಿ ಸಣ್ಣದಾಗಿದ್ದುದಕ್ಕೆ ದಾಳಿಯ ಭಯವೂ ಕಾರಣ, ಸೌಂದರ್ಯಪ್ರಜ್ಞೆಯಲ್ಲ. ಆದರೂ ಸುತ್ತಲಿನ ಕಲ್ಲನ್ನೇ ಕಡಿದು ಕಟ್ಟಿದ್ದರಿಂದ ಅವು ನೆಲದಿಂದಲೇ ಎದ್ದು ನಿಂತಂತಿವೆ. ಪ್ರಾಚೀನ ಅರಬ್ ಜನಾಂಗವಾದ ನಬಾತಿಯನ್ನರ ಬಂಡೆಗೋರಿಗಳಿರುವ ಮದಾಯಿನ್ ಸಾಲಿಹ್‌ನ ನಿಲ್ದಾಣ ಇಂದಿಗೂ ಉಳಿದಿದೆ, ಮದೀನಾದ ನಿಲ್ದಾಣ ವಸ್ತುಸಂಗ್ರಹಾಲಯವಾಗಿದೆ.

ಮದೀನಾ ಇರುವ ಸೌದಿ ಅರೇಬಿಯಾದಲ್ಲೇ 2018ರಲ್ಲಿ ಆರಂಭವಾದ ಹರಮೈನ್ ಅತಿವೇಗದ ರೈಲು ಮೆಕ್ಕಾ, ಜೆಡ್ಡಾ, ಮದೀನಾಗಳನ್ನು ಜೋಡಿಸುತ್ತದೆ. ಫಾಸ್ಟರ್ ಪ್ಲಸ್ ಪಾರ್ಟ್‌ನರ್ಸ್ ಮತ್ತು ಬ್ಯೂರೋ ಹ್ಯಾಪೊಲ್ಡ್ ಸಂಸ್ಥೆಗಳು ವಿನ್ಯಾಸ ಮಾಡಿದ ಅದರ ನಿಲ್ದಾಣಗಳಲ್ಲಿ ಒಂದೇ ಅಳತೆಯ ಕಮಾನುಕಂಬಗಳು ಮರಗಳಂತೆ ನಿಂತು ಚಾವಣಿಯನ್ನು ಹೊರುತ್ತವೆ. ಊರಿಂದೂರಿಗೆ ಬದಲಾಗುವುದು ಮುಖ್ಯವಾಗಿ ಬಣ್ಣ, ಮೆಕ್ಕಾಕ್ಕೆ ಹೊನ್ನಿನದು, ಮದೀನಾಕ್ಕೆ ಹಸಿರು, ಜೆಡ್ಡಾಕ್ಕೆ ನೇರಳೆ. ಆ ಕಂಬಗಳ ಪುನರಾವರ್ತನೆಯಲ್ಲಿ ಜಾಣತನವಿದೆ, ಏಕೆಂದರೆ ನೆರಳನ್ನು ಬೇಕಾದಷ್ಟು ಬೆಳೆಸುತ್ತ ಹೋಗಬಹುದು. ರಿಯಾದ್‌ನಲ್ಲಿ ಜಹಾ ಹದೀದ್ ಆರ್ಕಿಟೆಕ್ಟ್ಸ್ ವಿನ್ಯಾಸ ಮಾಡಿದ ಕಿಂಗ್ ಅಬ್ದುಲ್ಲಾ ಹಣಕಾಸು ಜಿಲ್ಲೆಯ ಮೆಟ್ರೋ ನಿಲ್ದಾಣದ ಹೊರಮೈ ಗಾಳಿ ಮರಳಿನ ಮೇಲೆ ಬರೆಯುವ ಅಲೆಗಳನ್ನು ನೆನಪಿಸುತ್ತದೆ. ನನ್ನ ಹರಿದುಹೋದ ನಕ್ಷೆಗೆ ಅದು ಶ್ರೀಮಂತ ಬಂಧುವೇನೋ ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಅಲ್ಲಿ ಆ ಅಲೆಯ ಮೈಯೇ ಕಂಡಿಗಳುಳ್ಳ ತೆರೆಯಾಗಿ, ಒಳಗಿನ ಇನ್ನೊಂದು ಗೋಡೆಗೆ ಬಿಸಿಲು ತಾಗದಂತೆ ತಡೆಯುತ್ತದೆ. ಆಕಾರಕ್ಕೆ ಒಂದು ಕೆಲಸವಿದೆ. ಅಷ್ಟಾಗಿಯೂ ಅದು ಎತ್ತರದ ಕಟ್ಟಡಗಳ ನಡುವಿನ ನಗರದ ನಿಲ್ದಾಣ. ಬಟಾಬಯಲಿನಲ್ಲಿ ದಿನಕ್ಕೆ ನಾಲ್ಕು ರೈಲು ನಿಲ್ಲುವ ಜಾಗಕ್ಕೆ ಆ ಮಾದರಿ ಭಾರವಾದೀತು.

ಜೈಸಲ್ಮೇರಿನಲ್ಲಿ ನಾನು ಕೋಟೆಗಿಂತ ಹೆಚ್ಚಾಗಿ ನೋಡಿದ್ದು ಅದರ ಕೆಳಗಿನ ಓಣಿಗಳನ್ನು. ಹವೇಲಿಗಳ ಕೆತ್ತನೆಯನ್ನು ಅಲಂಕಾರವೆಂದು ನೋಡುವುದು ನಮಗೆ ರೂಢಿ. ಬಿಸಿಲಿನಲ್ಲಿ ನಿಂತು ನೋಡಿದರೆ ಪ್ರತಿ ಉಬ್ಬು ತನ್ನ ಕೆಳಗೊಂದು ನೆರಳನ್ನು ಹಾಕುತ್ತಿರುತ್ತದೆ, ಇಡೀ ಗೋಡೆ ತನಗೆ ತಾನೇ ಕೊಡೆ ಹಿಡಿದಂತಿರುತ್ತದೆ. ಕಲ್ಲಿನ ಜಾಲರಿಯನ್ನು ನೋಡಿದಾಗ ನನಗೆ ಬೇಲೂರಿನ ಜಾಲಂಧ್ರಗಳು ನೆನಪಾದವು. ಅಲ್ಲಿ ಮಲೆನಾಡಿನ ಅಂಚಿನ ದೇವಾಲಯದ ಒಳಗಿನ ಕತ್ತಲಿಗೆ ಹದವಾದ ಬೆಳಕು ಬೇಕಿತ್ತು, ಇಲ್ಲಿ ಕಣ್ಣು ಕುಕ್ಕುವ ಬೆಳಕನ್ನು ಸೋಸಿ ಗಾಳಿಯನ್ನು ಮಾತ್ರ ಒಳಬಿಡಬೇಕಿದೆ. ಹತ್ತಿರದ ಕನೋಯಿ ಗ್ರಾಮದಲ್ಲಿ ಡಯಾನಾ ಕೆಲಾಗ್ ವಿನ್ಯಾಸದ ರಾಜಕುಮಾರಿ ರತ್ನಾವತಿ ಬಾಲಕಿಯರ ಶಾಲೆ ಇದೇ ಹಳದಿ ಕಲ್ಲಿನಲ್ಲಿ, ಇಲ್ಲಿನ ಕಲ್ಲುಕುಟಿಗರ ಕೈಯಲ್ಲೇ, ಅಂಡಾಕಾರದಲ್ಲಿ ಎದ್ದಿದೆ. ಅದು ನಿಲ್ದಾಣವಲ್ಲ, ಆದರೆ ನಿಲ್ದಾಣ ಕಟ್ಟುವವರು ಮೊದಲು ಹೋಗಿ ನೋಡಬೇಕಾದ ಕಟ್ಟಡ.

ಹಳದಿ ಕಲ್ಲಿನ ಬಗ್ಗೆ ಒಂದು ಎಚ್ಚರಿಕೆಯೂ ಬೇಕು. ಕಾಂಕ್ರೀಟಿನ ಡಬ್ಬಿ ಕಟ್ಟಿ ಅದಕ್ಕೆ ಎರಡು ಅಂಗುಲದ ಹಳದಿ ಕಲ್ಲಿನ ಬಿಲ್ಲೆ ಅಂಟಿಸಿ, ಮೇಲೊಂದು ಛತ್ರಿ, ಅಂದರೆ ಗುಮ್ಮಟದ ಪುಟ್ಟ ಮಂಟಪ, ಕೂರಿಸಿದರೆ ಮರುಭೂಮಿಯ ವಾಸ್ತುಶಿಲ್ಪವಾಯಿತೆಂಬ ನಂಬಿಕೆ ಬಲವಾಗಿದೆ. ಬಿಲ್ಲೆಯ ಕಲ್ಲಿಗೆ ಬಣ್ಣವಿದೆ, ದಪ್ಪವಿಲ್ಲ. ಶಾಖವನ್ನು ತಡೆಯುವುದು ದಪ್ಪವೇ ಹೊರತು ಬಣ್ಣವಲ್ಲ. ನಮ್ಮ ಪಕ್ಕದಲ್ಲೇ ಇದಕ್ಕೆ ಒರೆಗಲ್ಲಿದೆ. 1915ರಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹಾಕಿದ ಮಾರ್ಗದ ದೇವನಹಳ್ಳಿ, ನಂದಿ ಹಾಲ್ಟ್‌ನಂಥ ಪುಟ್ಟ ನಿಲ್ದಾಣಗಳು ಈ ಸೀಮೆಯ ಕಲ್ಲು, ಹೆಂಚು, ಜಗಲಿಯನ್ನೇ ನೆಚ್ಚಿಕೊಂಡು, ಯಾವುದನ್ನೂ ನಟಿಸದೆ ನಿಂತಿವೆ.

ನೀರಿನ ಮಾತು ಕೊನೆಗೆ ಬಂದಿದೆಯೆಂದು ಅದು ಚಿಕ್ಕದಲ್ಲ. ಮರುಭೂಮಿಯ ರೈಲುಮಾರ್ಗಗಳನ್ನು ಮರಳಿನಷ್ಟೇ ಪ್ರವಾಹವೂ ಹಾಳುಗೆಡವಿದೆಯೆಂದರೆ ಇಲ್ಲಿ ಹಲವರು ನಂಬುವುದಿಲ್ಲ. ಆಸ್ಟ್ರೇಲಿಯಾದ ನಡುವಿನ ಆಲಿಸ್ ಸ್ಪ್ರಿಂಗ್ಸ್‌ಗೆ 1929ರಲ್ಲಿ ತಲುಪಿದ ಹಳೆಯ ಘಾನ್ ಮಾರ್ಗ ಮತ್ತೆ ಮತ್ತೆ ಹಠಾತ್ ನೆರೆಗೆ ಕೊಚ್ಚಿಹೋಗುತ್ತಿತ್ತು; 1980ರಲ್ಲಿ ಹೊಸ ಮಾರ್ಗವನ್ನು ಬಹಳ ಪಶ್ಚಿಮಕ್ಕೆ ಸರಿಸಿ ಹಾಕಿದರು. 2006ರ ಆಗಸ್ಟಿನಲ್ಲಿ ಬಾಡಮೇರ್ ಜಿಲ್ಲೆಯ ಕವಾಸ್ ಸುತ್ತ ಸುರಿದ ಮಳೆಯ ನೀರು, ನೆಲದಡಿಯ ಜಿಪ್ಸಮ್ ಪದರದಿಂದಾಗಿ ಇಂಗದೆ ವಾರಗಟ್ಟಲೆ ಕೆರೆಯಂತೆ ನಿಂತಿತ್ತು. ಆದ್ದರಿಂದ ಒಣಗಿ ಕಾಣುವ ಹಳ್ಳವನ್ನು ಮುಚ್ಚಿ ನಿಲ್ದಾಣದ ಮುಂದಿನ ವಾಹನ ನಿಲುಗಡೆ ಮಾಡುವಂತಿಲ್ಲ. ಇನ್ನೊಂದೆಡೆ, ವರ್ಷಕ್ಕೆ 150 ಮಿಲಿಮೀಟರ್ ಮಳೆ ಬಂದರೂ 5,000 ಚದರ ಮೀಟರ್ ಚಾವಣಿಯ ಮೇಲೆ ಬೀಳುವುದು 7.5 ಲಕ್ಷ ಲೀಟರ್ ನೀರು. ಮನೆಯಂಗಳದ ನೆಲದಡಿ ಟಾಂಕಾ ತೋಡಿ ಮಳೆನೀರು ಹಿಡಿಯುವುದು ಆ ಸೀಮೆಯವರಿಗೆ ಹೊಸತಲ್ಲ; ನಿಲ್ದಾಣದ ಚಾವಣಿಗೂ ಒಂದು ಟಾಂಕಾ ಕೊಡಬೇಕಷ್ಟೆ. ಗಿಡಮರಗಳ ವಿಷಯದಲ್ಲೂ ಹಾಗೆಯೇ. ಹುಲ್ಲುಹಾಸು ಬೇಡ, ಅಲ್ಲಿ ಖೇಜಡಿ ಇದೆ. ವಿಜಯದಶಮಿಯ ದಿನ ನಾವು ಸುತ್ತು ಬಂದು ಎಲೆ ಹಂಚಿಕೊಳ್ಳುವ ಬನ್ನಿ ಮರವೇ ಅದು.

ಈಗಿರುವ ನಾಲ್ಕನೆಯ ನಕ್ಷೆಯಲ್ಲಿ ದಿಬ್ಬಗಳಿಲ್ಲ. ಉದ್ದಕ್ಕೂ ಚಪ್ಪಟೆಯಾದ, ಎರಡು ಪದರದ ಒಂದು ಚಾವಣಿ. ದಿಗಂತಕ್ಕೆ ಸಮವಾಗಿ ಓಡುವ ಆ ಗೆರೆಯನ್ನು ಮುರಿಯುವುದು ನೀರಿನ ತೊಟ್ಟಿಯ ಗೋಪುರವೊಂದೇ. ಪ್ಲಾಟ್‌ಫಾರ್ಮನ್ನು ಮಣ್ಣು ತುಂಬಿದ ಕಟ್ಟೆಯಾಗಿ ಮಾಡದೆ ಕಂಬಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಗಾಳಿಗೂ ಮರಳಿಗೂ ದಾರಿ ಬಿಟ್ಟಿದ್ದೇನೆ. ಗಾಳಿ ಬೀಸುವ ನೈಋತ್ಯಕ್ಕೆ, ನಿಲ್ದಾಣದಿಂದ ಸಾಕಷ್ಟು ದೂರದಲ್ಲಿ, ಅರ್ಧ ತೆರೆದು ಅರ್ಧ ಮುಚ್ಚಿದ ಬೇಲಿಯ ಸಾಲುಗಳಿವೆ, ಏಕೆಂದರೆ ಪೂರ್ತಿ ಮುಚ್ಚಿದ ಗೋಡೆಗಿಂತ ಕಂಡಿಗಳಿರುವ ಬೇಲಿಯೇ ಮರಳನ್ನು ಚೆನ್ನಾಗಿ ಹಿಡಿಯುತ್ತದೆ. ದೀಪಗಳೆಲ್ಲ ಕೆಳಮುಖ, ಅಲ್ಲಿಯ ಇರುಳಿನ ಆಕಾಶವನ್ನು ಒಮ್ಮೆ ನೋಡಿದವರು ಅದಕ್ಕೆ ಬೆಳಕು ಚೆಲ್ಲಲಾರರು.

ಹೋದ ತಿಂಗಳು ರಾಯರಿಗೆ ಇದನ್ನು ತೋರಿಸಿದೆ. ಪ್ಲಾಟ್‌ಫಾರ್ಮಿನ ಅಡಿಯ ಕಂಡಿಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಪೆನ್ಸಿಲನ್ನು ಚಾವಣಿಯ ಅಂಚಿಗೆ ಇಟ್ಟು, "ಮೇಲಿನ ತಂತಿ?" ಎಂದರು. ಹಳಿಯಿಂದ ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ 25,000 ವೋಲ್ಟಿನ ವಿದ್ಯುತ್ ತಂತಿ ಹೋಗುತ್ತದೆ. ಅದರಿಂದ ದೂರವಿರಲು ಚಾವಣಿ ಹಿಂದೆ ಸರಿಯಬೇಕು ಅಥವಾ ಮೇಲೇರಬೇಕು. ಹಿಂದೆ ಸರಿದರೆ ರೈಲು ಹತ್ತುವವರು ನಿಲ್ಲುವ ಅಂಚಿಗೇ ನೆರಳಿಲ್ಲ, ಮೇಲೇರಿದರೆ ಸಂಜೆಯ ಓರೆಬಿಸಿಲು ಪೂರ್ತಿ ಒಳಗೆ. ಐದನೆಯ ಹಾಳೆಯನ್ನು ಹಲಗೆಗೆ ಅಂಟಿಸಿದ್ದೇನೆ.